ಖಾಲಿ ಕಳಿಸಬಾರದ ಡಬ್ಬಿ

ಹುಟ್ಟಿದ್ದು ಯಾವುದೋ ಕಾರ್ಖಾನೆಯ ಗದ್ದಲದಲ್ಲಿ. ಹೆಸರು ಬಂದಿದ್ದು ಗದಗಿನ ಪಾತ್ರೆ ಅಂಗಡಿಯಲ್ಲಿ. ಅಂಗಡಿಯವನು ಟಕಟಕ ಅಂತ ನನ್ನ ಹೊಟ್ಟೆಯ ಮೇಲೆ 'ಗಂಗವ್ವ' ಎಂದು ಕೊರೆದ. ನೋವಾಯಿತು ನೋಡಿ, ಸುಳ್ಳು ಯಾಕೆ ಹೇಳಲಿ. ನಾನೊಂದು ಸ್ಟೀಲ್ ಡಬ್ಬಿ.

ಗಂಗವ್ವ ಬಸ್ ನಿಲ್ದಾಣದ ಎದುರು ಗಾಡಿಯಲ್ಲಿ ಮಿರ್ಚಿ ಕರಿಯುವವಳು. ಮನೆಯಲ್ಲಿ ಉಂಡೆ ಕಟ್ಟಿದರೂ ಚಕ್ಕುಲಿ ಕರಿದರೂ ನನ್ನಲ್ಲಿ ತುಂಬಿ ಪಕ್ಕದ ಮನೆಯ ಬಸಲಿಂಗವ್ವನಿಗೆ ಕೊಡುತ್ತಿದ್ದಳು. ಬಸಲಿಂಗವ್ವ ನನ್ನನ್ನು ತೊಳೆದು, ಹಿಡಿ ತುಂಬ ಅವಲಕ್ಕಿಯನ್ನೋ ಸಕ್ಕರೆಯನ್ನೋ ಹಾಕಿ ಮರಳಿಸುತ್ತಿದ್ದಳು. ಖಾಲಿ ಡಬ್ಬಿ ಕಳಿಸುವ ಪದ್ಧತಿ ಇಲ್ಲವಲ್ಲ! ಆ ಮನೆಗೂ ಈ ಮನೆಗೂ ಓಡಾಡಿ ನನಗಂತೂ ಸಾಕಾಗಿಹೋಗಿತ್ತು.

ಬಸಲಿಂಗವ್ವನ ಮಗ ತೀರಿಕೊಂಡ ಮೇಲೆ ಸೊಸೆ ಕಸ್ತೂರಿ, ಮಂಡಕ್ಕಿಗೆ ಮಸಾಲೆ ಕಲಸಿ ಗಿರ್ಮಿಟ್ ಮಾರುವ ಒಂದು ಕಂಪನಿಯ ಫ್ರಾಂಚೈಸಿ ಹಿಡಿದಳು. ಬೋರ್ಡು ಕಂಪನಿಯದು, ಮಸಾಲೆ ಪುಡಿ ಕಂಪನಿಯದು, ದುಡಿಮೆ ಇವಳದು. ಪುಡಿ ಹೊರಗಿನವರ ಕೈಗೆ ಹೋದರೆ ಅಂಗಡಿಯೂ ಹೋಯಿತು ಎಂದು ಮೊದಲೇ ಸಹಿ ಹಾಕಿಸಿಕೊಂಡಿದ್ದರು. ಆ ಮನೆಗೆ ಅಂಗಡಿಯೊಂದೇ ಆಸರೆ. ಅಲ್ಲಿ ಇಲಿ ಕಾಟವೆಂದು ಕಸ್ತೂರಿ ಪುಡಿಯ ಪೊಟ್ಟಣಗಳನ್ನು ಮನೆಗೆ ತಂದಿಟ್ಟಳು.

"ಅತ್ತಿ, ಈ ಮಸಾಲಿ ಸುದ್ದಿ ಯಾರ ಮುಂದೂ ಹೇಳಬ್ಯಾಡ್ರಿ."

"ನಾ ಯಾಕ ಹೇಳಲಿ ಯವ್ವಾ?"

ಒಂದು ದಿನ ನಾನು ಶೇಂಗಾ ಉಂಡೆ ಹೊತ್ತು ಹೋದೆ. ಕಸ್ತೂರಿ ಅಂಗಡಿಯಲ್ಲಿದ್ದಳು. ಮನೆಯಲ್ಲಿ ಅವಲಕ್ಕಿ ಮುಗಿದಿತ್ತು, ಸಕ್ಕರೆಯೂ ಇರಲಿಲ್ಲ. ಬಸಲಿಂಗವ್ವ ಅತ್ತಿತ್ತ ನೋಡಿ ಪೊಟ್ಟಣಕ್ಕೆ ಕೈ ಹಾಕಿದಳು. ಅಯ್ಯೋ, ಬೇಡ ಎನ್ನಲು ನನಗೆ ಬಾಯಿದೆ, ಮಾತಿಲ್ಲ. ಎರಡು ಹಿಡಿ ಪುಡಿ ನನ್ನೊಳಗೆ ಬಿತ್ತು.

ಗಂಗವ್ವ ಅದನ್ನು ಮಿರ್ಚಿಯ ಮೇಲೆ ಉದುರಿಸಿದಳು. ಜನ ಮುಗಿಬಿದ್ದರು. ಅಂಗಡಿಗಳ ತಪಾಸಣೆಗೆಂದು ಊರಿಗೆ ಬಂದಿದ್ದ ಕಂಪನಿಯ ಮನುಷ್ಯನೂ ಒಂದು ಮಿರ್ಚಿ ಕಚ್ಚಿದ. ಕಚ್ಚಿದವನು ಹಾಗೇ ನಿಂತ.

"ಈ ಪುಡಿ ಎಲ್ಲಿಂದ ಬಂತಮ್ಮಾ?"

"ನಮ್ಮ ಬಸಲಿಂಗವ್ವ ಕೊಟ್ಟಾಳ್ರಿ, ಗಿರ್ಮಿಟ್ ಅಂಗಡಿ ಕಸ್ತೂರಿ ಅತ್ತಿ. ಆಕಿ ಕೈ ಭಾಳ ದೊಡ್ಡದು!" ಗಂಗವ್ವ ಹೆಮ್ಮೆಯಿಂದ ಹೇಳಿದಳು, ಪಾಪ.

ಆ ವಾರವೇ ಕಸ್ತೂರಿಯ ಅಂಗಡಿಯ ಬೋರ್ಡು ಇಳಿಯಿತು.

"ಹೇಳಬ್ಯಾಡ ಅಂದಿದ್ದಿ. ನಾ ಒಂದ ಮಾತೂ ಹೇಳಿಲ್ಲ," ಎಂದು ಬಸಲಿಂಗವ್ವ ಅತ್ತಳು. "ಕೊಟ್ಟೆ, ಅಷ್ಟ. ಖಾಲಿ ಡಬ್ಬಿ ಹೆಂಗ ಕಳಸಲಿ?"

ಕಸ್ತೂರಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ನನಗೆ ಈಗಲೂ ಅನಿಸುತ್ತದೆ. ಈಗ ಅವಳು ಬೇರೆಯವರ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳೆ. ಗಂಗವ್ವ ನಾಚಿಕೆಯಿಂದ ಬಹಳ ದಿನ ಆ ಕಡೆ ಸುಳಿಯಲಿಲ್ಲ. ನಾನು ಮೂಲೆ ಸೇರಿದೆ. ಮೈಯೆಲ್ಲ ತಗ್ಗು ಬಿದ್ದಿದೆ, ಮುಚ್ಚಳ ಸಡಿಲ. ಬೇಕೆಂದಿದ್ದ ವಿಶ್ರಾಂತಿ ಸಿಕ್ಕಿತು, ಆದರೆ ಅದರಲ್ಲಿ ಸುಖವಿರಲಿಲ್ಲ.

ಮೊನ್ನೆ ಗಂಗವ್ವ ಧೈರ್ಯ ಮಾಡಿ ನನ್ನಲ್ಲಿ ಉಂಡೆ ತುಂಬಿ ಕೊಟ್ಟುಬಂದಳು. ಬಸಲಿಂಗವ್ವ ನನ್ನನ್ನು ತೊಳೆದು ಒರೆಸಿದಳು. ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದವಳು ಕೈ ಹಿಂದೆಳೆದುಕೊಂಡಳು.

"ಕಸ್ತೂರಿ, ಸಕ್ಕರಿ ಹಾಕಬಹುದೇನ ಯವ್ವಾ?"

ಕಸ್ತೂರಿ ಸಕ್ಕರೆ ಡಬ್ಬಿಯನ್ನು ಅತ್ತೆಯ ಕಡೆ ಸರಿಸಿದಳು. "ಹಾಕ್ರಿ ಅತ್ತಿ. ಸಕ್ಕರಿ ಯಾರ ಗುಟ್ಟೂ ಅಲ್ಲ."

ಹಿಡಿ ತುಂಬಿ ಹಾಕುತ್ತಿದ್ದ ಮುದುಕಿ ಒಂದು ಚಮಚ ಹಾಕಿ, ಸಾಕೇ ಎಂಬಂತೆ ಸೊಸೆಯ ಮುಖ ನೋಡಿದಳು.