ಬಿಟ್ಟುಹೋದ ಅರ್ಧ

"ಸರಿಯಾಗಿ ಅರ್ಧವೇ ಯಾಕೆ?" ಎಂದು ಪ್ರೊಫೆಸರಮ್ಮ ಊಟದ ಮೇಜಿನ ಮೇಲೆ ಹರಡಿದ್ದ ಹಾಳೆಗಳನ್ನೇ ಕೇಳಿದರು.

ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಚದುರುವುದನ್ನು ಕಾಗದದ ಮೇಲೆ ಲೆಕ್ಕ ಹಾಕುವುದು ಅವರ ಮೂವತ್ತು ವರ್ಷದ ಕಸುಬು. ಈ ಸಲ ಪ್ರಯೋಗಾಲಯದವರು ಅಳೆದು ನೋಡಿದರೆ ಪ್ರೊಫೆಸರಮ್ಮ ಹೇಳಿದ್ದರಲ್ಲಿ ಅರ್ಧದಷ್ಟೇ ಚದುರಿತ್ತು. ಉಳಿದದ್ದನ್ನು ಯಾವುದೋ ಹೊಸ ಬಲ ತಡೆಯುತ್ತಿದೆ ಎಂದು ಅವರೂ ಅವರ ಶಿಷ್ಯೆಯೂ ಲೇಖನ ಬರೆದಿದ್ದರು. ಅದು ಇನ್ನೇನು ಅಚ್ಚಾಗಬೇಕು. ನಿವೃತ್ತಿಗೆ ಮುಂಚೆ ಹೊಸದೊಂದನ್ನು ಕಾಣಬೇಕೆಂಬ ಆಸೆ ಅವರಿಗೆ ವಿಪರೀತ ಇತ್ತು.

ಮೂರನೇ ಹಾಳೆಯಲ್ಲಿ ಪೆನ್ಸಿಲು ನಿಂತಿತು. "ಅಯ್ಯೋ!"

"ಏನಾಯ್ತೇ?" ಪಕ್ಕದಲ್ಲಿ ಒಗೆದ ಬಟ್ಟೆ ಮಡಚುತ್ತಿದ್ದ ಗಂಡ ಕೇಳಿದರು.

ಅವರು ಗಂಡನ ಕೈಯಿಂದ ಒಂದು ಜೊತೆ ಕಾಲುಚೀಲ ಕಿತ್ತುಕೊಂಡರು. "ಇವನ್ನ ಅದಲು ಬದಲು ಮಾಡಿದ್ರೆ ಗೊತ್ತಾಗುತ್ತಾ?"

"ಎರಡೂ ಒಂದೇ ಥರ ಇವೆಯಲ್ಲ, ಹೇಗೆ ಗೊತ್ತಾಗುತ್ತೆ?"

"ಹೊರಗೆ ಬರೋ ಎರಡು ಕಣಗಳೂ ಹಾಗೇ. ನಾನು ಅದಲು ಬದಲಾದ್ದನ್ನ ಬೇರೆ ಅಂತ ಎಣಿಸಿ, ಒಂದನ್ನೇ ಎರಡು ಸಲ ಲೆಕ್ಕಕ್ಕೆ ಹಿಡಿದಿದೀನಿ. ಎರಡರಿಂದ ಭಾಗಿಸಬೇಕಿತ್ತು. ಮೊದಲನೇ ವರ್ಷದ ಪಾಠ ಕಣ್ರೀ ಇದು!"

"ಹಾಗಾದ್ರೆ ಹೊಸ ಬಲ?"

"ಬಲಾನೂ ಇಲ್ಲ, ಗಿಲಾನೂ ಇಲ್ಲ."

ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತಾರೆ. ಇವರಿಗೆ ಇಲಿಯೂ ಸಿಗಲಿಲ್ಲ. ದುಃಖ ಒತ್ತರಿಸಿ ಬಂದು ಅತ್ತೇಬಿಟ್ಟರು. ಕಣ್ಣೊರೆಸಿಕೊಳ್ಳಲು ಕೈಯಲ್ಲಿದ್ದದ್ದು ಕಾಲುಚೀಲವೇ.

ಆಮೇಲೆ ಶಿಷ್ಯೆಗೆ ಫೋನು ಮಾಡಿದರು. "ಲೇಖನ ವಾಪಸ್ ತಗೋಬೇಕು ಕಣಮ್ಮ. ಎರಡರಿಂದ ಭಾಗಿಸೋದು ಬಿಟ್ಟುಹೋಗಿದೆ. ತಪ್ಪು ನನ್ನದೇ."



"ಮೇಡಂ, ಅದು ನಂಗೆ ಮೊದಲೇ ಅನ್ನಿಸಿತ್ತು."

"ಮತ್ತೆ ಬಾಯಿ ಬಿಡಬಾರದಿತ್ತೇನೇ?"

"ನೀವೆಲ್ಲಿ ತಪ್ತೀರಾ ಮೇಡಂ? ನಂಗೇ ಅರ್ಥ ಆಗಿಲ್ಲ ಅಂದ್ಕೊಂಡೆ."

ಹೊಸ ಬಲ ಕೈತಪ್ಪಿದ್ದು ನೋವೇ. ಈ ಮಾತು ಅದಕ್ಕಿಂತ ಆಳಕ್ಕೆ ನಾಟಿತು. ಮೂವತ್ತು ವರ್ಷದಲ್ಲಿ ಇನ್ನೆಷ್ಟು ಜನ ಹೀಗೆ ಬಾಯಿ ಮುಚ್ಚಿಕೊಂಡು ಕೂತಿದ್ದರೋ ಎಂದುಕೊಂಡರು.

ಮರುದಿನ ಮೊದಲ ವರ್ಷದವರ ತರಗತಿಯಲ್ಲಿ ತಮ್ಮ ಲೆಕ್ಕವನ್ನು ಇದ್ದಂತೆಯೇ ಹಲಗೆಯ ತುಂಬ ಬರೆದರು. "ಇದರಲ್ಲೊಂದು ತಪ್ಪಿದೆ. ಮಾಡಿದವಳು ನಾನೇ. ಹಿಡೀರಿ ನೋಡೋಣ."

ಹುಡುಗ ಹುಡುಗಿಯರು ಹಲಗೆ ನೋಡಿದರು, ಮೇಡಂ ಮುಖ ನೋಡಿದರು, ತಲೆ ತಗ್ಗಿಸಿದರು. ಎರಡನೇ ಸಾಲಿನ ಒಬ್ಬಳ ಕೈ ಸ್ವಲ್ಪ ಮೇಲೆದ್ದು ಮತ್ತೆ ಡೆಸ್ಕಿಗೆ ಬಂತು.

ಪ್ರೊಫೆಸರಮ್ಮ ಸೀಮೆಸುಣ್ಣವನ್ನು ಅವಳ ಮುಂದಿಟ್ಟು, ಕೊನೆಯ ಬೆಂಚಿಗೆ ಹೋಗಿ, ಹುಡುಗರ ನಡುವೆ ಜಾಗ ಮಾಡಿಸಿಕೊಂಡು ಕುಳಿತರು.