ಸದ್ದಡಗಿಸುವ ಡಾಕ್ಟರು

ಗಂಡ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದನೆಂದರೆ ಅವಳಿಗೆ ನೋಡಲು ಅಸಹ್ಯವಾಗುತ್ತಿತ್ತು. ಒಳಗಿನ ಸದ್ದು ಕೇಳುವುದಕ್ಕೆ ಮೆಕ್ಯಾನಿಕ್ಕುಗಳೆಲ್ಲ ಮಾಡುವುದೇ ಅದು. ಅವಳ ಅಪ್ಪನೂ ಮಾಡುತ್ತಿದ್ದ. ಆದರೆ ಅಪ್ಪ ಕೇಳಿಸಿಕೊಂಡ ಮೇಲೆ ಗೊಣಗುತ್ತಾ ಎಂಜಿನ್ ಬಿಚ್ಚುತ್ತಿದ್ದ. ಇವನು ಗಿರಾಕಿ ನೋಡುತ್ತಿದ್ದಾನೋ ಇಲ್ಲವೋ ಎಂದು ಒಂದು ಕಣ್ಣನ್ನು ಅರೆ ತೆರೆದು ನೋಡಿ, ಮತ್ತೆ ಮುಚ್ಚಿ, ಗಂಭೀರವಾಗಿ ಉಸಿರು ಬಿಡುತ್ತಿದ್ದ. ಬೀದಿಯವರು ಅವನನ್ನು ಡಾಕ್ಟ್ರು ಎಂದು ಕರೆಯುತ್ತಿದ್ದುದು ಇದಕ್ಕೇ. ಆ ಹೆಸರು ಕೇಳಿದಾಗಲೆಲ್ಲ ಅವನು ಬೀಗುತ್ತಿದ್ದ, ಅವಳು ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಈ ಡಾಕ್ಟರಿಗೆ ಗೊತ್ತಿದ್ದದ್ದು ಒಂದೇ ವೈದ್ಯ, ಸದ್ದಡಗಿಸುವುದು. ಗೇರು ಗೊರಗೊರ ಅಂದರೆ ಗಂಜಿಯಂಥ ದಪ್ಪ ಎಣ್ಣೆ ಸುರಿಯುತ್ತಿದ್ದ. ಮಡ್‌ಗಾರ್ಡು ಗಡಗಡ ಅಂದರೆ ಹರಕು ಟ್ಯೂಬಿನ ತುಂಡು ತುರುಕುತ್ತಿದ್ದ. ಬೀದಿ ದಾಟುವವರೆಗೆ ಗಾಡಿ ತುಟಿಪಿಟಕ್ಕೆನ್ನಬಾರದು, ಆಮೇಲಿನದು ಗಿರಾಕಿಯ ಹಣೆಬರಹ. ಇಂಥ ತಿಪ್ಪೆ ಸಾರಿಸುವ ಕೆಲಸ ಮಾಡಿ, ಅದೇ ಕರಿ ಕೈಯಲ್ಲಿ ಕಡಲೇಕಾಯಿ ಸುಲಿದು ತಿಂದು, ಅವಳು ಮುಖ ಒರೆಸುವ ಟವೆಲಿಗೇ ಕೈ ಒರೆಸುತ್ತಿದ್ದ. ಎಷ್ಟು ಒಗೆದರೂ ಆ ಟವೆಲಿನಿಂದ ಸುಟ್ಟ ಎಣ್ಣೆಯ ನಾತ ಹೋಗುತ್ತಿರಲಿಲ್ಲ.

ಅಂಗಡಿ ಅವಳ ಅಪ್ಪನದು. ಅಪ್ಪನ ಕೈಕೆಳಗೆ ಕೆಲಸ ಕಲಿತವನೇ ಅಳಿಯನಾದ, ಅಪ್ಪ ಹೋದ ಮೇಲೆ ಯಜಮಾನನೂ ಆದ. ಅವಳಿಗೆ ಉಳಿದದ್ದು ಚಿಕ್ಕಂದಿನಿಂದ ಮಾಡಿಕೊಂಡು ಬಂದ ಒಂದು ಕೆಲಸ, ರಿಪೇರಿಯಾದ ಗಾಡಿಯನ್ನು ಒಂದು ಸುತ್ತು ಓಡಿಸಿ ನೋಡುವುದು. ಹಳೇ ಗಿರಾಕಿಗಳು ಡಾಕ್ಟರ ಮಾತಿಗೆ ಕಿವಿಗೊಡದೆ, ಅಕ್ಕ ಓಡಿಸಿ ನೋಡಿದ್ರಾ ಎಂದು ಅವಳನ್ನೇ ಕೇಳುತ್ತಿದ್ದರು. ಅವಳು ಹೂಂ ಅಂದರೆ ಮಾತ್ರ ಕೀಲಿಗೆ ಕೈ ಚಾಚುತ್ತಿದ್ದರು. ಅದಕ್ಕೇ ಡಾಕ್ಟರು ಈಚೀಚೆಗೆ ಅವಳು ಮನೆಯೊಳಗೆ ಇರುವ ಹೊತ್ತು ನೋಡಿಯೇ ಗಾಡಿಗಳನ್ನು ಸಾಗಹಾಕುತ್ತಿದ್ದ.

ಈ ಸಲ ಬಂದದ್ದು ಅವನ ಒಡಹುಟ್ಟಿದ ತಂಗಿಯ ಗಾಡಿ. ನಾದಿನಿ ಗುಡ್ಡದಾಚೆಯ ಆಸ್ಪತ್ರೆಯಲ್ಲಿ ನರ್ಸು. ಗಂಡಸರೇ ಸ್ಟ್ಯಾಂಡ್ ಹಾಕಲು ಹೆಣಗುವಂಥ ಹಳೇ ಭಾರದ ಮೋಟಾರ್ ಸೈಕಲ್ಲನ್ನು ಆಟದ ಸಾಮಾನಿನ ಹಾಗೆ ಓಡಿಸುತ್ತಿದ್ದಳು. ಒಂದು ಬೆಳಿಗ್ಗೆ ಬಂದಾಗ ಎಂಜಿನ್ನಿನ ಎಡಗಡೆಯಿಂದ ಚಮಚ ತುಂಬಿದ ಡಬ್ಬಿ ಅಲ್ಲಾಡಿಸಿದ ಹಾಗೆ ಸದ್ದು ಬರುತ್ತಿತ್ತು. ಹೆಲ್ಮೆಟ್ ತೆಗೆದಾಗ ನೋಡಿದರೆ ಬಲಗೆನ್ನೆ ಊದಿಕೊಂಡು ಕಣ್ಣು ಅರ್ಧ ಮುಚ್ಚಿತ್ತು. ಗಂಡ ಹೊಡೆದ ಎಂದು ಅವಳೇ ಹೇಳಿದಳು, ಇದು ಮೊದಲ ಸಲವಲ್ಲ ಎಂದೂ ಹೇಳಿದಳು. ಸ್ವಲ್ಪ ದಿನ ಇಲ್ಲೇ ಇರುತ್ತೇನೆ ಅಣ್ಣ ಎಂದು ಕೇಳಿಕೊಂಡಳು.

ಡಾಕ್ಟರು ತಂಗಿಯ ಕೆನ್ನೆ ನೋಡಲಿಲ್ಲ, ಬೀದಿ ನೋಡಿದ. ಎದುರು ಮನೆಯ ಟೈಲರಮ್ಮನ ಕಿಟಕಿ ತೆರೆದಿತ್ತು. ಲಗುಬಗೆಯಿಂದ ಅವಳನ್ನು ಒಳಗೆ ಕರೆದುಕೊಂಡು ಹೋಗಿ, ಸಂಸಾರ ಅಂದಮೇಲೆ ಇದೆಲ್ಲ ಇದ್ದದ್ದೇ, ಅವನಿಗೂ ಕೆಲಸದ ತಲೆಬಿಸಿ, ಹೊಟ್ಟೆಗೆ ಹಾಕಿಕೋ ಎಂದು ಬೆಣ್ಣೆಯಂಥ ದನಿಯಲ್ಲಿ ಬುದ್ಧಿ ಹೇಳಿದ. ಸಂಜೆ ಆ ಗಂಡನಿಗೇ ಫೋನ್ ಮಾಡಿ ಹಲ್ಲು ಕಿರಿಯುತ್ತಾ ಮಾತಾಡಿದ್ದು ಅಡುಗೆಮನೆಯಲ್ಲಿದ್ದ ಹೆಂಡತಿಗೆ ಕೇಳಿಸಿತು. ಗಾಡಿ ರಿಪೇರಿಗೆ ತಂದಿದ್ದಳಷ್ಟೆ, ನಾಳೆಯೇ ಕಳಿಸಿಕೊಡುತ್ತೇನೆ ಎನ್ನುತ್ತಿದ್ದ. ಆ ನಗು ಕೇಳಿ ಅವಳು ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟಳು. ಇಂಥವನ ತಟ್ಟೆಗೆ ಇಷ್ಟು ವರ್ಷ ಬಡಿಸಿದೆನಲ್ಲ ಎಂದು ತನ್ನ ಕೈಗಳ ಮೇಲೂ ಹೇಸಿಗೆಯಾಯಿತು.

ಮಾರನೇ ದಿನ ಮಧ್ಯಾಹ್ನವೇ ಗಾಡಿ ರೆಡಿ ಎಂದ. ಅವಳಿಗೆ ಆಗಲೇ ಅನುಮಾನ. ಆ ಡಬ್ಬಿಯ ಸದ್ದು ಪ್ರೈಮರಿ ಚೈನಿನದು, ಎಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಒಳಗಿನ ಚೈನು. ಅಷ್ಟು ಬಡಿದುಕೊಳ್ಳುವ ಚೈನು ಸವೆದೇ ಹೋಗಿರಬೇಕು, ಅಂಥ ಹಳೇ ಗಾಡಿಗೆ ಹೊಸದು ಬೇಕೆಂದರೆ ದೂರದಿಂದ ತರಿಸಬೇಕು, ವಾರವಾದರೂ ಹಿಡಿಯುತ್ತದೆ. ಅವನು ಕಡಲೇಕಾಯಿ ತರಲು ಹೋದದ್ದೇ ತಡ, ಗಾಡಿಯನ್ನು ಬೀದಿಗಿಳಿಸಿದಳು.

ಬಡಿತ ಪೂರ್ತಿ ನಿಂತಿತ್ತು. ಅದರ ಜಾಗದಲ್ಲಿ ಸಣ್ಣಗೆ ಒಂದು ಕುಂಯ್ಗುಟ್ಟುವಿಕೆ, ಬಾಯಿಗೆ ಬಟ್ಟೆ ತುರುಕಿದವರು ನರಳಿದ ಹಾಗೆ. ತಿರುವಿನವರೆಗೆ ಹೋಗಿ ಬರುವಷ್ಟರಲ್ಲಿ ಚೈನ್ ಕೇಸಿನ ಬಿಸಿ ಎಡಗಾಲಿಗೆ ತಟ್ಟಿತು. ಅಂಗಡಿಗೆ ಬಂದು, ಎಂಜಿನ್ ನಿಲ್ಲಿಸಿ, ಕೇಸಿನ ಮೇಲಿನ ಪುಟ್ಟ ಮುಚ್ಚಳ ಬಿಚ್ಚಿ ಬೆರಳು ತೂರಿಸಿ ಚೈನನ್ನು ಒತ್ತಿದಳು. ಹದವಾಗಿ ಕುಣಿಯಿತು. ಕಿಕ್ಕರನ್ನು ಕೈಯಿಂದ ಮೆಲ್ಲಗೆ ಒತ್ತಿ ಎಂಜಿನ್ನನ್ನು ಒಂದಿಷ್ಟು ತಿರುಗಿಸಿ ಮತ್ತೆ ಮುಟ್ಟಿದಳು. ಬಿಗಿ. ಇನ್ನೂ ಒಂದಿಷ್ಟು ತಿರುಗಿಸಿದಾಗ ಬಟ್ಟೆ ಒಣಗಿಸುವ ತಂತಿಯ ಹಾಗೆ ಸೆಟೆದು ನಿಂತಿತ್ತು.

ಹಳೇ ಚೈನು ಒಂದೇ ಸಮ ಸವೆಯುವುದಿಲ್ಲ, ಒಂದು ಕಡೆ ಜೋಲು, ಒಂದು ಕಡೆ ಬಿಗಿ. ಎಂಜಿನ್ ತಿರುಗಿಸುತ್ತಾ ಎಲ್ಲಕ್ಕಿಂತ ಬಿಗಿಯಾದ ಜಾಗ ಹುಡುಕಿ ಅಲ್ಲಿ ಚೈನು ಕುಣಿಯುವಷ್ಟು ಸಡಿಲ ಬಿಡಬೇಕು ಎನ್ನುವುದು ಈ ಅಂಗಡಿಯಲ್ಲಿ ಅಪ್ಪ ಮೊಟ್ಟಮೊದಲು ಕಲಿಸುತ್ತಿದ್ದ ಪಾಠ. ಅಳಿಯನಿಗೂ ಅವಳ ಎದುರಿಗೇ ಕಲಿಸಿದ್ದ. ಇವನು ಅತೀ ಜೋಲಾದ ಕಡೆ ನೋಡಿಕೊಂಡು ಎಳೆದು ಬಿಗಿದಿದ್ದ. ಗೊತ್ತಿಲ್ಲದೆ ಮಾಡಿದ್ದರೆ ಬೈದು ಸುಮ್ಮನಾಗುತ್ತಿದ್ದಳು. ಗುಡ್ಡದ ಇಳಿಜಾರಿನಲ್ಲಿ ಹಾಗೆ ಸೆಟೆದ ಚೈನು ತುಂಡಾಗಿ ಒಳಗೇ ಮುದ್ದೆಯಾದರೆ ಹಿಂದಿನ ಚಕ್ರ ತಿರುಗದೆ ಕಚ್ಚಿಕೊಳ್ಳುತ್ತದೆ, ಮೇಲಿರುವವಳು ಉಳಿಯುವುದಿಲ್ಲ.

ಡಾಕ್ಟರು ಪೊಟ್ಟಣ ಹಿಡಿದು ಬಂದವನು, ತೆರೆದ ಮುಚ್ಚಳ ನೋಡಿ ಮೊದಲು ಮನೆಯ ಬಾಗಿಲ ಕಡೆ ನೋಡಿದ. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದ. ಬಾಯಿಂದ ಕಡಲೇಕಾಯಿ ವಾಸನೆ ಹೊಡೆಯಿತು.

"ಗುಡ್ಡ ದಾಟಿಬಿಟ್ರೆ ಸಾಕು ಕಣೇ. ಆಮೇಲೆ ಅವಳ ಗಂಡ ನೋಡ್ಕೋತಾನೆ."

"ದಾಟದೇ ಇದ್ರೆ?"

"ಹೊಸ ಚೈನ್ ಬರೋಕೆ ಒಂದು ವಾರ. ಈ ಮುಖ ಇಟ್ಕೊಂಡು ಒಂದು ವಾರ ಇಲ್ಲಿದ್ರೆ ಬೀದಿ ಬಾಯಿ ಮುಚ್ಚೋದು ಯಾರು? ನೀನೊಂದು ಹೂಂ ಅಂದ್ಬಿಡು, ಅಷ್ಟು ಸಾಕು."

ಹೀಗೆ ಹೇಳಿ, ಅವಳ ಭುಜ ತಟ್ಟಿದ. ಸೀರೆಯ ಮೇಲೆ ಬೆರಳುಗಳ ಕರಿ ಗುರುತು ಮೂಡಿತು. ಅವಳಿಗೆ ಮೈಮೇಲೆ ಜಿರಳೆ ಹರಿದ ಹಾಗಾಯಿತು.

ಅಷ್ಟರಲ್ಲಿ ನಾದಿನಿ ಬ್ಯಾಗು ಹಿಡಿದು ಹೊರಗೆ ಬಂದಳು. ಹೆಲ್ಮೆಟ್ಟನ್ನು ಮನೆಯೊಳಗೇ ಹಾಕಿಕೊಂಡಿದ್ದಳು. ಕೆನ್ನೆ ಯಾರಿಗೂ ಕಾಣಬಾರದೆಂದು ಅಣ್ಣ ಹಾಗೆ ಹೇಳಿಕೊಟ್ಟಿದ್ದ. ಅಣ್ಣ ಗಾಡಿಯಿಂದ ತೆಗೆದು ಚಾಚಿದ ಕೀಲಿಯನ್ನು ಅವಳು ತೆಗೆದುಕೊಳ್ಳಲಿಲ್ಲ.

"ಅತ್ತಿಗೆ, ನೀವು ಓಡಿಸಿ ನೋಡಿದ್ರಾ?"

ಡಾಕ್ಟರು ಹೆಂಡತಿಯ ಕಡೆ ನೋಡಿ ತಲೆ ಕುಣಿಸಿದ. ಅವಳು ಸ್ಪ್ಯಾನರ್ ತೆಗೆದುಕೊಂಡು ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಕೇಸಿನ ಕೆಳಗಿನ ಲಾಕ್ ನಟ್ ಸಡಿಲಿಸಿ, ಅವನು ಬಿಗಿದಿದ್ದ ಬೋಲ್ಟನ್ನು ಹಿಂದಕ್ಕೆ ತಿರುಗಿಸಿದಳು. ಮುಚ್ಚಳ ಹಾಕಿದಳು. ಅವನ ಕೈಯಿಂದ ಕೀಲಿ ಕಿತ್ತುಕೊಂಡು ಒಂದೇ ಒದೆತಕ್ಕೆ ಸ್ಟಾರ್ಟ್ ಮಾಡಿದಳು.

ಇಡೀ ಡಬ್ಬಿಯ ಚಮಚಗಳು ಮತ್ತೆ ಬಡಿದುಕೊಳ್ಳತೊಡಗಿದವು. ಬೀದಿಯ ಈ ತುದಿಯಿಂದ ಆ ತುದಿಗೆ ಸದ್ದು ತುಂಬಿತು. ಡಾಕ್ಟರು ಕೀಲಿಗೆ ಕೈ ಹಾಕಲು ಬಂದ, ಅವಳು ಸ್ಪ್ಯಾನರ್ ಹಿಡಿದ ಕೈಯನ್ನು ಅಡ್ಡ ಇಟ್ಟಳು. ಆಫ್ ಮಾಡು, ಜನ ನೋಡುತ್ತಾರೆ ಎಂದು ಪಿಸುಗುಟ್ಟಿದ. ಆ ಗಲಾಟೆಯಲ್ಲಿ ಅವನ ಪಿಸುಮಾತು ಅವನಿಗೇ ಕೇಳಿಸಿರಲಾರದು.

"ನೋಡ್ದೆ ಕಣಮ್ಮ," ಎಂದು ಅವಳು ನಾದಿನಿಗೆ ಗಟ್ಟಿಯಾಗಿ ಹೇಳಿದಳು. "ಚೈನ್ ಸವೆದು ಹೋಗಿದೆ. ನಿಮ್ಮಣ್ಣ ಬಿಗಿದು ಬಾಯಿ ಮುಚ್ಚಿಸಿದ್ದ ಅಷ್ಟೆ. ಹೊಸದು ಬರೋವರೆಗೂ ನೀನು ಇಲ್ಲೇ ಇರ್ತೀಯ."

"ಬಂದ ಮೇಲೆ?"

"ಬಂದ ಮೇಲೆ ಎಲ್ಲಿಗೆ ಹೋಗ್ಬೇಕು ಅಂತ ನೀನೇ ಹೇಳು. ಇದು ನಮ್ಮಪ್ಪನ ಮನೆ. ನಿನ್ನ ಯಾರೂ ಕಳಿಸಲ್ಲ."

ನಾದಿನಿ ಬ್ಯಾಗು ಕೆಳಗಿಟ್ಟು ಹೆಲ್ಮೆಟ್ ತೆಗೆದಳು. ಊತ ಈಗ ನೀಲಿಗಟ್ಟಿತ್ತು. ಸದ್ದಿಗೆ ಹೊರಬಂದಿದ್ದ ಟೈಲರಮ್ಮ ಹೊಲಿಯುತ್ತಿದ್ದ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬೀದಿ ದಾಟಿ ಬಂದು, ಕೆನ್ನೆಗೆ ಏನಾಯಿತಮ್ಮ ಎಂದು ಕೇಳಿದಳು. ಡಾಕ್ಟರು ನಡುವೆ ನುಗ್ಗಿ, ಗಾಡಿಯಿಂದ ಬಿದ್ದಳು ಎಂದ.

ನಾದಿನಿ ಏನೋ ಹೇಳಿದಳು. ಟೈಲರಮ್ಮನಿಗೆ ಕೇಳಿಸಲಿಲ್ಲ, ಕಿವಿಗೆ ಕೈ ಹಿಡಿದು ಹತ್ತಿರ ಬಂದಳು. ನಾದಿನಿ ಅತ್ತಿಗೆಯ ಕಡೆ ತಿರುಗಿ ನೋಡಿದಳು. ಅವಳು ಎಂಜಿನ್ ನಿಲ್ಲಿಸಲಿಲ್ಲ.

"ಬಿದ್ದಿಲ್ಲ," ಎಂದು ನಾದಿನಿ ಕೂಗಿ ಹೇಳಿದಳು. "ಗಂಡ ಹೊಡೆದ."

ಬೀದಿಗೆಲ್ಲ ಕೇಳಿಸಿತು.