ಮೇಲೇಳದ ಗೆರೆ

ಪರೀಕ್ಷಾ ಕೋಣೆಯೊಳಗೆ ಭಾವ, ದಪ್ಪ ಗೋಡೆಯ ಈಚೆ ಪರದೆಯ ಮುಂದೆ ನಾದಿನಿ. ಅಕ್ಕನ ಗಂಡ ಎಂಬ ಸಲಿಗೆಯಿಂದ, ಒಂದೇ ಪ್ರಯೋಗಾಲಯದಲ್ಲಿ ದುಡಿಯುತ್ತಾ ಅವಳು ಅವನ ಕಾಲೆಳೆಯದ ದಿನವಿಲ್ಲ. ಒಳಗಿದ್ದದ್ದು ಸ್ಫೋಟದ ಮೇಲೆ ಸ್ಫೋಟ ನಡೆಸಿ ಓಡುವ ಎಂಜಿನ್ನಿನ ಉಕ್ಕಿನ ಕೊಳವೆ. ಅದರ ಗಾಜಿನ ಕಿಂಡಿಗಳ ಮೂಲಕ ಕಣ್ಣಿಗೆ ಕಾಣದ ಲೇಸರ್ ಕಿರಣ ಹಾಯುತ್ತದೆ. ಕೊಳವೆಯಲ್ಲಿ ಇಂಧನ ತುಂಬಿದಷ್ಟೂ ಬೆಳಕು ಕುಗ್ಗಿ, ಪರದೆಯ ಗೆರೆ ಇಳಿಯುತ್ತದೆ.

ಸ್ಫೋಟವಾದಾಗಲೆಲ್ಲ ಗಾಜು ಮಸಿ ಹಿಡಿಯುತ್ತಿತ್ತು. ಒರೆಸಲು ಹೋದವರು ಹೊರಬಂದ ಮೇಲೆಯೇ ಕಿಡಿ ಪರೀಕ್ಷಿಸಬೇಕೆಂಬುದು ನಿಯಮ. ಸುಮ್ಮನೆ ಓಡಾಡುವ ರಗಳೆ ಯಾರಿಗೆ ಬೇಕು? ಭಾವ ಒಳಗಿಂದಲೇ "ಕೊಡು" ಅನ್ನುತ್ತಿದ್ದ, ಅವಳು ಗುಂಡಿ ಒತ್ತುತ್ತಿದ್ದಳು, ಖಾಲಿ ಕೊಳವೆಯಲ್ಲಿ ಕಿಡಿ ಚಟ್ ಎನ್ನುತ್ತಿತ್ತು. ಇದನ್ನು ಇಬ್ಬರೂ ಜಾಣತನವೆಂದೇ ತಿಳಿದಿದ್ದರು.

"ಒರೆಸಿದ್ದಾಯ್ತು, ಕೊಡು," ಎಂದಿತು ಸ್ಪೀಕರಿನಲ್ಲಿ ಭಾವನ ದನಿ.

ಗಾಜು ಒರೆಸಿದ ಮೇಲೂ ಗೆರೆ ಮೇಲೇಳದೆ ಇಳಿದೇ ಇತ್ತು. ಒರೆಸುವ ಬಟ್ಟೆ ಕಿರಣಕ್ಕೆ ಅಡ್ಡವಿರಬೇಕು ಎಂದುಕೊಂಡು ಅವಳು ಒತ್ತಿದಳು.

"ಕಿಡಿ ಬರ್ಲಿಲ್ಲ ಕಣೆ. ಇನ್ನೊಂದ್ಸಲ ಕೊಡು."

ಬೆರಳು ಗುಂಡಿಯ ಮೇಲಿರುವಾಗಲೇ ಅವಳು ಮತ್ತೆ ಪರದೆ ನೋಡಿದಳು. ಬಟ್ಟೆ ಅಡ್ಡವಿದ್ದರೆ ಗೆರೆ ಪೂರ್ತಿ ತಳ ಸೇರಬೇಕು. ಇದು ಅರ್ಧಕ್ಕೆ ಇಳಿದು, ಇನ್ನೂ ಮೆಲ್ಲಮೆಲ್ಲಗೆ ಇಳಿಯುತ್ತಿತ್ತು. ಇಂಧನದ ಕವಾಟ ಸೋರುತ್ತಿದೆ, ಕೊಳವೆ ತುಂಬುತ್ತಿದೆ. ಬೆರಳನ್ನು ಹಿಂದಕ್ಕೆಳೆದುಕೊಂಡಳು.

"ಭಾವ, ಒಳಗೆ ಇಂಧನ ತುಂಬಿದೆ. ಏನೂ ಮುಟ್ಬೇಡಿ, ಹಾಗೇ ಹೊರಗೆ ಬನ್ನಿ."

"ಶುರುವಾಯ್ತಾ ನಿನ್ನ ಆಟ?" ಅವನು ನಕ್ಕ. ಹೀಗೆ ಹೆದರಿಸಿ ಅವಳು ಹಿಂದೆಯೂ ನಕ್ಕಿದ್ದುಂಟು. "ತಾಳು, ಕಿಡಿ ಹಾರಿಸೋ ಪ್ಲಗ್ ನೋಡ್ತೀನಿ."

"ಅಕ್ಕನ ಆಣೆ, ಭಾವ."

ನಗು ನಿಂತಿತು. ಹೆಜ್ಜೆಯ ಸದ್ದು ಕೇಳಿಸಿತು. ಬಾಗಿಲು ತೆರೆಯಿತು.

ಅವನು ಹೊರಗಿನ ಇಂಧನದ ಸಿಲಿಂಡರ್ ಮುಚ್ಚಿ, ಕಿಡಿಯ ವಿದ್ಯುತ್ ಕಡಿದು ಬಂದ. ಪರದೆಯನ್ನು ನೋಡುತ್ತಾ ಕುಳಿತ.

"ಮೊದಲನೇ ಸಲ ಒತ್ತಿದ್ಯಾ?"

"ಒತ್ತಿದ್ದೆ," ಅಂದಳು. "ನನ್ನ ಕೈಯಾರೆ ಅಕ್ಕನ ಮನೆ ಹಾಳು ಮಾಡ್ತಿದ್ದೆ."

ಭಾವ ಕೈಯಲ್ಲಿದ್ದ ಮಸಿಬಟ್ಟೆಯನ್ನು ಮೇಜಿನ ಮೇಲಿಟ್ಟ.

"ಪ್ಲಗ್ಗೂ ಮಸಿ ಹಿಡಿದಿತ್ತು, ಅದಕ್ಕೇ ಕಿಡಿ ಬರ್ಲಿಲ್ಲ. ಗಾಜಿನ ಜೊತೆ ಅದನ್ನೂ ಒರೆಸೋಣ ಅಂದ್ಕೊಂಡಿದ್ದೆ," ಎಂದ. "ಮರೆತುಬಿಟ್ಟೆ."